ಡೇರೆಯ ಆಯ್ಕೆ: ಹೊರೆ, ತೇವ ಮತ್ತು ಗಾಳಿಯ ಲೆಕ್ಕ

ಡೇರೆ ಕೊಳ್ಳುವವರು ಮೊದಲು ನಿರ್ಧರಿಸಿಕೊಳ್ಳಬೇಕಾದುದು, ಅದು ತಂಗುವ ಜಾಗವನ್ನು ವಾಹನದಲ್ಲಿ ತಲುಪುವುದೋ ಬೆನ್ನ ಮೇಲೆ ತಲುಪುವುದೋ ಎಂಬುದನ್ನು. ವಾಹನದ ಪಕ್ಕದಲ್ಲೇ ಬೀಡುಬಿಡುವ ಕುಟುಂಬಕ್ಕೆ ಎಂಟು ಹತ್ತು ಕಿಲೋ ತೂಗುವ, ಒಳಗೆ ನೆಟ್ಟಗೆ ನಿಂತು ಬಟ್ಟೆ ಬದಲಾಯಿಸಬಹುದಾದಷ್ಟು ಎತ್ತರದ ಡೇರೆಯೇ ಸುಖಕರ. ಆದರೆ ಎತ್ತರದ ಗೋಡೆಗಳು ಗಾಳಿಗೆ ಹೆಚ್ಚು ಮೈಯೊಡ್ಡುವುದರಿಂದ, ಅಂಥ ಡೇರೆಯನ್ನು ಬಯಲು ದಿಬ್ಬದ ಮೇಲೆ ಹಾಕಬಾರದು. ಚಾರಣಿಗರ ಮಾತು ಬೇರೆ. ಇಬ್ಬರ ಡೇರೆ ಎರಡು, ಹೆಚ್ಚೆಂದರೆ ಎರಡೂವರೆ ಕಿಲೋ ಮೀರದಂತಿದ್ದು, ಒಬ್ಬರು ಬಟ್ಟೆಯನ್ನೂ ಇನ್ನೊಬ್ಬರು ಕೋಲು, ಗೂಟಗಳನ್ನೂ ಹಂಚಿಕೊಂಡು ಹೊರುವಂತಿದ್ದರೆ ದಿನವಿಡೀ ನಡೆಯುವುದು ಕಷ್ಟವಾಗದು. ಇದಕ್ಕಿಂತ ಹಗುರವಾದವೂ ಇವೆ. ಅವುಗಳ ಬಟ್ಟೆ ಬಹಳ ತೆಳುವಾದ್ದರಿಂದ ಕಲ್ಲು ಮುಳ್ಳುಗಳ ನೆಲದಲ್ಲಿ ಎಚ್ಚರ ಬೇಕು.

ಚೀಲದ ಮೇಲೆ ಮುದ್ರಿಸಿರುವ ಜನಸಂಖ್ಯೆಯನ್ನು ಅಕ್ಷರಶಃ ನಂಬಬಾರದು. ಸುಮಾರು 50 ಸೆಂಟಿಮೀಟರ್ ಅಗಲದ ಚಾಪೆಗಳನ್ನು ಒಂದಕ್ಕೊಂದು ತಾಗಿಸಿ ಹಾಸಿ, ಸಾಮಾನುಗಳೇ ಇಲ್ಲವೆಂದು ಭಾವಿಸಿ ಹಾಕಿದ ಲೆಕ್ಕ ಅದು. ವಾಹನದಲ್ಲಿ ಹೋಗುವವರು ಜನಕ್ಕಿಂತ ಒಂದಾದರೂ ಹೆಚ್ಚಿನ ಸಂಖ್ಯೆಯ ಡೇರೆಯನ್ನು ಆರಿಸಲಿ. ನಡೆದುಹೋಗುವವರು ಹೊರಹೊದಿಕೆಯ ಅಡಿಯಲ್ಲಿ ಚೀಲ ಮತ್ತು ಬೂಟುಗಳನ್ನಿಡಲು ಪುಟ್ಟ ಮುಂಗಟ್ಟು ಇರುವ ಡೇರೆಯನ್ನು ನೋಡಲಿ. ಮಳೆಯಲ್ಲೂ ಆ ಮುಂಗಟ್ಟನ್ನು ಮುಚ್ಚಿಕೊಂಡು ಒಲೆ ಹಚ್ಚಕೂಡದು, ಏಕೆಂದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಂಡು ಜೀವ ತೆಗೆಯಬಲ್ಲದು.

ಕೊಳ್ಳುವಾಗ ಅತಿ ಕಡಿಮೆ ಗಮನ ಸಿಗುವುದು ಒಳಗಿನ ತೇವಕ್ಕೆ. ರಾತ್ರಿಯೆಲ್ಲ ನಮ್ಮ ಉಸಿರಿನಿಂದ ಹೊರಬರುವ ಆವಿ ತಣ್ಣನೆಯ ಬಟ್ಟೆಗೆ ತಗುಲಿ ಹನಿಗಟ್ಟುತ್ತದೆ, ಬೆಳಿಗ್ಗೆ ಅದನ್ನು ಕಂಡವರು ಡೇರೆ ಸೋರುತ್ತಿದೆಯೆಂದು ದೂರುತ್ತಾರೆ. ಒಳಗೆ ಜಾಲರಿ ಬಟ್ಟೆ, ಹೊರಗೆ ನೀರು ತಡೆಯುವ ಹೊದಿಕೆ, ನಡುವೆ ಗಾಳಿಯಾಡುವ ತೆರಪು ಇರುವ ಎರಡು ಪದರದ ಡೇರೆಯಲ್ಲಿ ಈ ಹನಿಗಳು ಹೊದಿಕೆಯ ಮೇಲೆಯೇ ಉಳಿದು ಮಲಗಿದವರನ್ನು ಅಷ್ಟಾಗಿ ಮುಟ್ಟುವುದಿಲ್ಲ. ಒಂದೇ ಪದರದ ಡೇರೆ ಹಗುರವೇನೋ ಹೌದು, ಶುಷ್ಕ ಚಳಿಯ ಎತ್ತರದ ಪ್ರದೇಶಕ್ಕೆ ಒಪ್ಪುತ್ತದೆ, ಆದರೆ ತೇವಭರಿತ ಹವೆಯಲ್ಲಿ ಅದು ಕಿರಿಕಿರಿಯೇ ಸರಿ. ಮಳೆ ಬರುವಾಗಲೂ ತೆರೆದಿಡಬಹುದಾದ ಗಾಳಿಕಿಂಡಿಗಳು ಮೇಲ್ಭಾಗದಲ್ಲಿವೆಯೇ ಎಂದು ಅಂಗಡಿಯಲ್ಲಿಯೇ ಪರೀಕ್ಷಿಸಬೇಕು. ನನ್ನ ಮಟ್ಟಿಗೆ ಬಣ್ಣ, ಜೇಬು, ದೀಪದ ಕೊಕ್ಕೆ ಇವೆಲ್ಲಕ್ಕಿಂತ ಈ ಕಿಂಡಿಗಳೇ ಮುಖ್ಯ.

ಬಟ್ಟೆಯ ನೀರುತಡೆಯನ್ನು ಮಿಲಿಮೀಟರುಗಳಲ್ಲಿ ಹೇಳುತ್ತಾರೆ. ಎಷ್ಟು ಎತ್ತರದ ನೀರಿನ ಒತ್ತಡವನ್ನು ಬಟ್ಟೆ ಜಿನುಗದೆ ತಾಳುತ್ತದೆ ಎಂಬುದರ ಅಳತೆ ಅದು. ಸಾಧಾರಣ ಮಳೆಗೆ ಹೊರಹೊದಿಕೆ 1500 ಮಿಲಿಮೀಟರ್ ಇದ್ದರೆ ನಡೆದೀತು. ದಿನಗಟ್ಟಲೆ ಸುರಿಯುವಲ್ಲಿಗೆ 3000 ಇದ್ದರೆ ನೆಮ್ಮದಿ. ಮೊಣಕಾಲೂರಿದಾಗ ಒತ್ತಡ ಬೀಳುವ ನೆಲಹಾಸಿಗೆ ಇನ್ನೂ ಹೆಚ್ಚು ತಡೆ ಬೇಕು. ಅಂಕಿ ಎಷ್ಟೇ ದೊಡ್ಡದಿರಲಿ, ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿರದಿದ್ದರೆ ಸೂಜಿ ತೂತುಗಳಿಂದ ನೀರು ಇಳಿಯುತ್ತದೆ. ನೈಲಾನ್ ಹೊದಿಕೆ ನೆನೆದಾಗ ಜೋಲುವುದರಿಂದ ಮಲಗುವ ಮುನ್ನ ಹಗ್ಗಗಳನ್ನು ಮತ್ತೊಮ್ಮೆ ಬಿಗಿಯಬೇಕಾಗುತ್ತದೆ, ಪಾಲಿಯೆಸ್ಟರಿನಲ್ಲಿ ಈ ತೊಂದರೆ ಕಡಿಮೆ.

ಆಕಾರದ ವಿಷಯದಲ್ಲಿ, ಗೂಟ ಇಳಿಯದ ಬಂಡೆಯ ಮೇಲೂ ತಾನಾಗಿ ನಿಲ್ಲುವ ಗುಮ್ಮಟದ ಡೇರೆ ಹೊಸಬರಿಗೆ ಸುಲಭ. ಸುರಂಗದ ಆಕಾರದ್ದು ತೂಕಕ್ಕೆ ಹೋಲಿಸಿದರೆ ಹೆಚ್ಚು ಜಾಗ ಕೊಡುತ್ತದೆ, ಆದರೆ ಗೂಟಗಳಿಲ್ಲದೆ ನಿಲ್ಲದು, ಅದರ ಕಿರಿದಾದ ತುದಿಯನ್ನು ಗಾಳಿಯ ಕಡೆಗೆ ತಿರುಗಿಸಿ ಹಾಕಬೇಕು. ಹಿಮ ಬೀಳುವ ಕಡೆಗೆ ಮಾತ್ರ ಕೋಲುಗಳು ಹಲವೆಡೆ ಒಂದನ್ನೊಂದು ದಾಟುವ, ಜಾಲರಿ ಕಡಿಮೆಯಿರುವ ಚಳಿಗಾಲದ ಡೇರೆ ಬೇಕಾಗುತ್ತದೆ. ಗಟ್ಟಿಮುಟ್ಟಾಗಿದೆಯೆಂದು ಅದನ್ನೇ ಬೇಸಿಗೆಗೂ ಒಯ್ದರೆ ಒಳಗೆ ಉಸಿರುಗಟ್ಟಿದಂತಾಗುತ್ತದೆ.

ಕೊಂಡ ಬಳಿಕ ಮನೆಯ ಅಂಗಳದಲ್ಲೋ ತಾರಸಿಯಲ್ಲೋ ಒಮ್ಮೆ ಹಾಕಿ, ಒಳಗೆ ಕಾಲು ಚಾಚಿ ಮಲಗಿ ನೋಡಬೇಕು. ಪಾದವೋ ತಲೆಯೋ ಇಳಿಜಾರು ಗೋಡೆಗೆ ತಾಗುತ್ತಿದ್ದರೆ ಅಲ್ಲಿಯೇ ಮಲಗುಚೀಲ ಒದ್ದೆಯಾಗುತ್ತದೆಂದು ತಿಳಿದು, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಉದ್ದದ ಮಾದರಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.