ಗೇಟಿನಲ್ಲಿ ನಿಂತವನಿಗೆ ಏನು ಗೊತ್ತಿದೆ? ಕಾರವಾರದಲ್ಲಿ ಸುರಕ್ಷತಾ ತಪಾಸಣಾ ತಂಡ ಕಟ್ಟಿದ ಬಗೆ

ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳು) ಜಾರಿ ಅಧಿನಿಯಮ, 2017 ಕೇಳುವುದು ದೊಡ್ಡದೇನಲ್ಲ. ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರಬಹುದಾದ ಅಂಗಡಿ ಸಂಕೀರ್ಣ, ಆಸ್ಪತ್ರೆ, ಕಾಲೇಜು, ದೇವಸ್ಥಾನ, ಬಸ್ ನಿಲ್ದಾಣ ಇಂಥ ಕಡೆ ಒಳಬರುವವರ ಮೇಲೆ ನಿಗಾ ಇರಬೇಕು, ಸಿಸಿಟಿವಿ ಇರಬೇಕು, ದೃಶ್ಯ 30 ದಿನ ಉಳಿದಿರಬೇಕು. ಆರು ತಿಂಗಳಿಗೊಮ್ಮೆ ಮಾಲೀಕರು ಪಾಲನಾ ವರದಿ ಸಲ್ಲಿಸಬೇಕು. ತಪ್ಪಿದರೆ ಮೊದಲ ತಿಂಗಳಿಗೆ 5,000 ರೂಪಾಯಿ, ಮರು ತಿಂಗಳಿಗೆ 10,000 ರೂಪಾಯಿ ದಂಡ. ಆಮೇಲೂ ಸರಿಪಡಿಸದಿದ್ದರೆ ಬಾಗಿಲು ಮುಚ್ಚಿಸಲು ಅವಕಾಶವಿದೆ. ಇಷ್ಟನ್ನೇ ಹಿಡಿದು ಹೊರಟರೆ ತಪಾಸಣೆ ಕ್ಯಾಮೆರಾ ಎಣಿಸುವ ಕೆಲಸವಾಗಿಬಿಡುತ್ತದೆ. ಉಪಕರಣದ ಜೊತೆಗೆ ಅದರ ಹಿಂದೆ ನಿಂತ ಮನುಷ್ಯ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬಲ್ಲ ಎಂಬುದನ್ನೂ ಪರೀಕ್ಷಿಸಬೇಕು ಎಂಬ ನಿಲುವಿನ ಮೇಲೆ ಈ ತಂಡವನ್ನು ಕಟ್ಟಿದೆವು.

ಈ ನಿಲುವಿಗೆ ಒಂದು ಆಧಾರ ಬ್ರಿಟನ್ನಿನಿಂದ ಸಿಕ್ಕಿತು. 2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದಲ್ಲಿ ನಡೆದ ಸ್ಫೋಟದಲ್ಲಿ 22 ಜನ ಸತ್ತರು. ಅವರಲ್ಲಿ ಒಬ್ಬರಾದ ಮಾರ್ಟಿನ್ ಹೆಟ್ ಅವರ ತಾಯಿ ಫಿಗನ್ ಮರ್ರೇ ವರ್ಷಗಟ್ಟಲೆ ಬೆನ್ನುಹತ್ತಿದ ಕಾನೂನು 2025ರ ಏಪ್ರಿಲ್ 3ರಂದು ಅಂಗೀಕಾರ ಪಡೆಯಿತು. 200ರಿಂದ 799 ಜನ ಸೇರುವ ಜಾಗಗಳಿಂದ ಅದು ಯಂತ್ರ ಕೇಳುವುದಿಲ್ಲ, ನಾಲ್ಕು ಕಾರ್ಯವಿಧಾನ ಕೇಳುತ್ತದೆ: ಜನರನ್ನು ಹೊರಗೆ ಕಳಿಸುವುದು, ಹೊರಗಿನ ಅಪಾಯ ಕಂಡರೆ ಒಳಗಿನ ಸುರಕ್ಷಿತ ಕೋಣೆಗೆ ಸೇರಿಸುವುದು, ಬಾಗಿಲು ಭದ್ರಪಡಿಸಿ ಯಾರೂ ಒಳನುಗ್ಗದಂತೆ ಮಾಡುವುದು, ಜನರಿಗೆ ಸುದ್ದಿ ಮುಟ್ಟಿಸುವುದು. ನಮ್ಮ ಕಾನೂನಿನಲ್ಲಿ ಇವು ಈ ರೂಪದಲ್ಲಿ ಇಲ್ಲ. ಆದರೂ ತಪಾಸಣೆಗೆ ನಾವು ತುಂಬುವ ನಮೂನೆಯ ಎರಡನೇ ಪುಟ ಪೂರ್ತಿ ಈ ನಾಲ್ಕೇ. ದಂಡದ ಲೆಕ್ಕ ಮೊದಲ ಪುಟಕ್ಕೆ ಸೀಮಿತ, ಎರಡನೆಯದು ಸಲಹೆ. ಈ ಗೆರೆಯನ್ನು ಮಾಲೀಕರಿಗೆ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಸಲಹೆಯನ್ನೂ ಬೆದರಿಕೆ ಎಂದುಕೊಳ್ಳುತ್ತಾರೆ.

ಮೊದಲ ಕೆಲಸ ಪಟ್ಟಿ. ಯಾವ ಜಾಗ 100 ಅಥವಾ 500ರ ಗೆರೆ ದಾಟುತ್ತದೆ ಎಂದು ಮಾಲೀಕರನ್ನೇ ಕೇಳಿದರೆ ಎಲ್ಲರೂ ಗೆರೆಯ ಕೆಳಗೇ ಇರುತ್ತಾರೆ. ಕಲ್ಯಾಣ ಮಂಟಪಕ್ಕೆ ಊಟದ ಹಾಲಿನ ಎಲೆಗಳ ಸಂಖ್ಯೆ, ಆಸ್ಪತ್ರೆಗೆ ಹೊರರೋಗಿಗಳ ಚೀಟಿ ಪುಸ್ತಕ, ಬಟ್ಟೆ ಅಂಗಡಿಗೆ ದೀಪಾವಳಿ ವಾರದ ಬಿಲ್ ಸಂಖ್ಯೆ, ಕಾಲೇಜಿಗೆ ಹಾಜರಿ ನೋಡಿ ಲೆಕ್ಕ ಹಾಕಿದೆವು. ವರ್ಷದ ಸರಾಸರಿಯನ್ನು ಮಾತ್ರ ನಂಬಬಾರದು. ಗೋಕರ್ಣದಲ್ಲಿ ಮಳೆಗಾಲದ ಮಂಗಳವಾರಕ್ಕೂ ಶಿವರಾತ್ರಿಗೂ ಏನೂ ಸಂಬಂಧವಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವರ್ಷ ಸುತ್ತಲಿನ ಪುಟ್ಟ ಲಾಡ್ಜು, ಖಾನಾವಳಿಗಳೂ ಗೆರೆ ದಾಟುತ್ತವೆ. ಹಾಗಾಗಿ ಪ್ರತಿ ಜಾಗಕ್ಕೂ ‘ಅತಿ ಹೆಚ್ಚು ಜನ ಇರುವ ಗಂಟೆ’ ಎಂಬ ಕಾಲಂ ಇಟ್ಟು, ತಪಾಸಣೆಯನ್ನೂ ಆ ಗಂಟೆಗೇ ಹೊಂದಿಸಿದೆವು. ಬೆಳಿಗ್ಗೆ ಹತ್ತಕ್ಕೆ ಖಾಲಿ ಮಂಟಪ ನೋಡಿ ಬರುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಪಟ್ಟಿಯಿಂದ ಹೊರಗಿಟ್ಟದ್ದೂ ಮುಖ್ಯ. ಅರಗಾದ ಕದಂಬ ನೌಕಾನೆಲೆ, ಕೈಗಾ ಸ್ಥಾವರ ಇವಕ್ಕೆ ಅವುಗಳದೇ ಭದ್ರತಾ ವ್ಯವಸ್ಥೆ ಇದೆ, ನಾವು ಆ ಬೇಲಿಯ ಹತ್ತಿರವೂ ಸುಳಿಯುವುದಿಲ್ಲ. ಕಡಲ ಮೇಲಿನದು ಕರಾವಳಿ ಕಾವಲು ಪೊಲೀಸರ ಕೆಲಸ; ನಮ್ಮ ಜಿಲ್ಲೆಯಲ್ಲಿ ಕಾರವಾರ, ಬೇಲೇಕೇರಿ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಅವರ ಠಾಣೆಗಳಿವೆ, ಸಹಾಯವಾಣಿ 1093. ಮೀನುಗಾರಿಕಾ ಬಂದರಿನಲ್ಲಿ ಹರಾಜು ನಡೆಯುವ ಜಾಗ ಮಾತ್ರ ನಮ್ಮದು.

ತಂಡಕ್ಕೆ ಜನರನ್ನು ಆರಿಸುವಾಗ ಎಲ್ಲರೂ ಒಂದೇ ಹಿನ್ನೆಲೆಯವರಾಗಬಾರದು. ಕಾನೂನು ಬಲ್ಲ ಪೊಲೀಸ್ ಅಧಿಕಾರಿ, ಕ್ಯಾಮೆರಾ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಮೆನುವಿನೊಳಗೆ ಹೊಕ್ಕು ನೋಡಬಲ್ಲ ತಂತ್ರಜ್ಞ, ಬಾಗಿಲು–ಮೆಟ್ಟಿಲು ಅಳೆಯಲು ಅಗ್ನಿಶಾಮಕ ಅನುಭವಿ, ಕಡ್ಡಾಯವಾಗಿ ಒಬ್ಬ ಮಹಿಳಾ ಸಿಬ್ಬಂದಿ. ಕನ್ನಡದ ಜೊತೆ ಕೊಂಕಣಿ ಬಲ್ಲವರು ಒಬ್ಬರಾದರೂ ಇರಬೇಕು, ಭಟ್ಕಳಕ್ಕೆ ಹೋಗುವಾಗ ಉರ್ದು ಇಲ್ಲವೇ ನವಾಯತಿ ಬಲ್ಲವರು. ಕಾವಲುಗಾರ ತನ್ನ ಮಾತಿನಲ್ಲಿ ಉತ್ತರಿಸಿದರೆ ಮಾತ್ರ ಅವನಿಗೆ ಏನು ಗೊತ್ತು ಎಂಬುದು ತಿಳಿಯುತ್ತದೆ. ಹೊಸಬರಿಗೆ ಮೊದಲ ಸುತ್ತಿನಲ್ಲಿ ನೋಟಿಸ್ ಕೊಡುವ ಅಧಿಕಾರ ಇಟ್ಟಿರಲಿಲ್ಲ. ಒಂದೇ ಜಾಗವನ್ನು ಇಬ್ಬರು ಬೇರೆ ಬೇರೆಯಾಗಿ ನೋಡಿ ನಮೂನೆ ತುಂಬಿ, ಸಂಜೆ ಕೂತು ತಾಳೆ ಹಾಕುತ್ತಿದ್ದರು. ಒಬ್ಬರ ‘ಸರಿ’ ಇನ್ನೊಬ್ಬರ ‘ಸರಿಯಲ್ಲ’ ಆದ ಕಡೆಯೆಲ್ಲ ಪ್ರಶ್ನೆಯನ್ನೇ ತಿದ್ದಿದೆವು. ‘ಕ್ಯಾಮೆರಾ ಸುಸ್ಥಿತಿಯಲ್ಲಿದೆಯೇ’ ಎಂಬ ಸಾಲು ಹೋಗಿ ‘ನಿನ್ನೆ ಸಂಜೆ 7ರ ದೃಶ್ಯದಲ್ಲಿ ಒಳಬಂದವರ ಮುಖ ಕಾಣುತ್ತದೆಯೇ’ ಎಂದಾಯಿತು.

ದೇವಸ್ಥಾನ, ಮಸೀದಿ, ಚರ್ಚು ಮೂರಕ್ಕೂ ಅದೇ ನಮೂನೆ, ಅದೇ ಪ್ರಶ್ನೆ, ಅದೇ ಕ್ರಮ. ಒಳಹೋಗುವ ಮೊದಲು ಅಲ್ಲಿನ ಮರ್ಯಾದೆ ಏನೆಂದು ಕೇಳಿ ಹಾಗೇ ನಡೆದುಕೊಳ್ಳಬೇಕು. ಭಯೋತ್ಪಾದನೆ ತಡೆಯುವ ಹೆಸರಿನಲ್ಲಿ ಒಂದು ಸಮುದಾಯದ ಬಾಗಿಲು ಮಾತ್ರ ಹೆಚ್ಚು ಸಲ ತಟ್ಟಿದರೆ, ನಾಳೆ ನಿಜವಾದ ಸುಳಿವು ಹೇಳಬೇಕಾದವರೇ ಬಾಯಿ ಮುಚ್ಚುತ್ತಾರೆ. ಆದ್ದರಿಂದ ಭೇಟಿಯ ಸರದಿಯನ್ನು ಆ ಜಾಗದಲ್ಲಿ ಸೇರುವವರ ಸಂಖ್ಯೆಯ ಕಾಲಂ ನಿರ್ಧರಿಸುತ್ತದೆ, ಅಧಿಕಾರಿಯ ಇಷ್ಟವಲ್ಲ.

ಇನ್ನು ಭೇಟಿ. ಗುರುತಿನ ಚೀಟಿ ತೋರಿಸುವ ಮೊದಲು ಹದಿನೈದು ನಿಮಿಷ ಹೊರಗೆ ನಿಂತು ನೋಡುತ್ತೇವೆ. ಹಿಂಬಾಗಿಲು ತೆರೆದಿದೆಯೇ, ಸಾಮಾನು ಇಳಿಸುವ ಗಾಡಿಯನ್ನು ಯಾರಾದರೂ ವಿಚಾರಿಸಿದರೇ, ಲೋಹ ಪತ್ತೆಯ ಚೌಕಟ್ಟು ಕೂಗಿದಾಗ ಕಾವಲುಗಾರ ತಲೆ ಎತ್ತಿದನೇ. ಕೂಗಿದರೂ ಯಾರನ್ನೂ ನಿಲ್ಲಿಸದ ಚೌಕಟ್ಟೇ ಹೆಚ್ಚು ಕಾಣುವುದು. ಕಾರಣ ಬಹುಮಟ್ಟಿಗೆ ಅದನ್ನು ಇಟ್ಟ ಜಾಗ. ಕಬ್ಬಿಣದ ರೋಲಿಂಗ್ ಶಟರಿಗೋ ಗ್ರಿಲ್ಲಿಗೋ ಒತ್ತಿಕೊಂಡಿದ್ದರೆ, ಅಲುಗಾಡುವ ನೆಲದ ಮೇಲಿದ್ದರೆ, ಎರಡು ಚೌಕಟ್ಟುಗಳನ್ನು ಬೇರೆ ಬೇರೆ ಚಾನೆಲ್ಲಿಗೆ ಹಾಕದೆ ಅಕ್ಕಪಕ್ಕ ನಿಲ್ಲಿಸಿದ್ದರೆ ಸುಮ್ಮಸುಮ್ಮನೆ ಕೂಗುತ್ತದೆ. ನಾಲ್ಕು ದಿನಕ್ಕೆ ಕಾವಲುಗಾರನ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ. ಲೋಹದಿಂದ ದೂರ ಸರಿಸಿ, ನೆಲಕ್ಕೆ ಬಿಗಿದು, ಒಂದೇ ಪರೀಕ್ಷಾ ವಸ್ತುವನ್ನು ಕಾಲು, ಸೊಂಟ, ಎದೆಯ ಮಟ್ಟದಲ್ಲಿ ಹಾಯಿಸಿ ದಿನಾ ಬೆಳಿಗ್ಗೆ ದಾಖಲೆ ಬರೆಸಿದರೆ ಅರ್ಧ ಸಮಸ್ಯೆ ಮುಗಿಯಿತು. ಇನ್ನರ್ಧ ಸರತಿ. ತಪಾಸಣೆ ನಿಧಾನವಾದಷ್ಟೂ ಗೇಟಿನ ಹೊರಗೆ ರಸ್ತೆಗೆ ತಾಗಿ ಜನ ಗುಂಪಾಗುತ್ತಾರೆ, ಆ ಗುಂಪೇ ಹೊಸ ಅಪಾಯ. ಚೀಲ ಇರುವವರಿಗೆ ಒಂದು ಸಾಲು, ಬರಿಗೈಯವರಿಗೆ ಇನ್ನೊಂದು ಮಾಡಿಸಿ, ಸರತಿಯನ್ನು ಆವರಣದೊಳಗೆ ತಿರುಗಿಸಬೇಕು.

ಸಿಸಿಟಿವಿಗೆ ನಾವು ಹೆಚ್ಚು ಹೊತ್ತು ಕೊಡುತ್ತೇವೆ, ಕಾರಣವಿದೆ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಇದ್ದ ಚೀಲ ಇಟ್ಟುಹೋದವನ ಜಾಡು ಹಿಡಿಯಲು ಕೆಫೆಯ ಕ್ಯಾಮೆರಾ ಒಂದೇ ಸಾಲಲಿಲ್ಲ, ಬಿಎಂಟಿಸಿ ಬಸ್ಸಿನೊಳಗಿನ ದೃಶ್ಯವೂ ಬೇಕಾಯಿತು. ಒಂದು ಅಂಗಡಿಯ ದೃಶ್ಯ ಇನ್ನೆಲ್ಲೋ ನಡೆದ ಘಟನೆಗೆ ಬೇಕಾಗುತ್ತದೆ, ಅದೂ ವಾರಗಳ ನಂತರ.

30 ದಿನ ಉಳಿಯುತ್ತದೆಯೇ ಎಂದು ಕೇಳಬಾರದು, 30 ದಿನ ಹಿಂದಿನ ತಾರೀಖು ಕೊಟ್ಟು ತೆರೆಸಿ ನೋಡಬೇಕು. ಲೆಕ್ಕ ಹೀಗೆ: ದೃಶ್ಯವನ್ನು ಕುಗ್ಗಿಸಿ ಉಳಿಸುವ ಎಚ್.265 ವಿಧಾನದಲ್ಲಿ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆಯುವ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತುಂಬುತ್ತದೆ. ಎಂಟು ಕ್ಯಾಮೆರಾಕ್ಕೆ ಸುಮಾರು 173 ಜಿಬಿ. ಅಂದರೆ 2 ಟಿಬಿ ಹಾರ್ಡ್ ಡಿಸ್ಕ್ ಹನ್ನೊಂದೂವರೆ ದಿನಕ್ಕೆ ಮುಗಿದು ಹಳೆಯದರ ಮೇಲೆ ಬರೆಯತೊಡಗುತ್ತದೆ. 30 ದಿನಕ್ಕೆ 5.2 ಟಿಬಿ ಬೇಕು, 6 ಟಿಬಿ ಹಾಕಿಸಿದರೆ ನೆಮ್ಮದಿ. ‘ಚಲನೆ ಕಂಡಾಗ ಮಾತ್ರ ರೆಕಾರ್ಡ್’ ಇಟ್ಟರೆ ಸಾಲುತ್ತದೆ ಎಂದು ಅಳವಡಿಸಿದವರು ಹೇಳಿರುತ್ತಾರೆ. ಕರಾವಳಿಯಲ್ಲಿ ಅದು ನಡೆಯದು. ತೆಂಗಿನ ಗರಿ ಅಲುಗಾಡುತ್ತಲೇ ಇರುತ್ತದೆ, ಮಳೆಹನಿ ಬೀಳುತ್ತದೆ, ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬಂದು, ಹುಳಕ್ಕೆ ಜೇಡ ಬಂದು ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ. ಎಲ್ಲವೂ ಚಲನೆಯೇ.

ಮುಖ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕೆಂಬುದು 2014ರ ಅಂತರರಾಷ್ಟ್ರೀಯ ಮಾನದಂಡದ ಲೆಕ್ಕ. 1920 ಪಿಕ್ಸೆಲ್ ಅಗಲದ ಕ್ಯಾಮೆರಾ ಹಾಗಾದರೆ ಏಳೂವರೆ ಮೀಟರಿಗಿಂತ ಹೆಚ್ಚು ಅಗಲ ನೋಡುವಂತಿಲ್ಲ. ಇಡೀ ಅಂಗಳ ಕಾಣುವಂತೆ ಮೂಲೆಯಲ್ಲಿ ಎತ್ತರಕ್ಕೆ ಹಾಕಿದ ಕ್ಯಾಮೆರಾದಲ್ಲಿ ಕಾಣುವುದು ತಲೆ, ಟೋಪಿ ಅಷ್ಟೆ. ಅಂಗಳಕ್ಕೆ ಅದು ಇರಲಿ, ಬಾಗಿಲಿಗೆ ಮಾತ್ರ ಪ್ರತ್ಯೇಕವಾಗಿ ಒಂದು, ಮುಖದ ಎತ್ತರಕ್ಕೆ ಹತ್ತಿರ, ಹಿಂದಿನಿಂದ ಬಿಸಿಲು ಹೊಡೆಯದಂತೆ. ಕಾರವಾರ, ಅಂಕೋಲೆಗಳಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿನಲ್ಲಿ ಸಂಜೆ ಐದರಿಂದ ಬರುವವರೆಲ್ಲ ಕಪ್ಪು ನೆರಳಾಗಿರುತ್ತಾರೆ, ಅದೇ ಜನ ಹೆಚ್ಚಿರುವ ಹೊತ್ತು. ಬೆಳಕು ಸರಿದೂಗಿಸುವ ಡಬ್ಲ್ಯುಡಿಆರ್ ಆಯ್ಕೆ ಆನ್ ಮಾಡಿಸಬೇಕು.

ಡಿವಿಆರ್‌ನ ಗಡಿಯಾರವನ್ನು ಮೊಬೈಲ್ ಸಮಯದ ಜೊತೆ ಹಿಡಿದು ನೋಡಿ ಎಷ್ಟು ನಿಮಿಷ ವ್ಯತ್ಯಾಸ ಎಂದು ಬರೆಯುತ್ತೇವೆ. ಒಳಗಿನ ಚಿಕ್ಕ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ. ಘಟನೆಯಾದಾಗ ಎರಡು ಅಂಗಡಿಯ ದೃಶ್ಯ ಜೋಡಿಸಲು ಆಗ ಸಾಧ್ಯವೇ ಇಲ್ಲ. ಕರೆಂಟಿನ ವಿಷಯ ಮಲೆನಾಡಿನವರಿಗೂ ಕರಾವಳಿಯವರಿಗೂ ಹೊಸದಾಗಿ ಹೇಳಬೇಕಿಲ್ಲ. ಎಂಟು ಕ್ಯಾಮೆರಾದ ವ್ಯವಸ್ಥೆ ಹೆಚ್ಚುಕಡಿಮೆ 100 ವಾಟ್ ತಿನ್ನುತ್ತದೆ. ಕಂಪ್ಯೂಟರಿಗೆ ಬಳಸುವ 600 ವಿಎ ಯುಪಿಎಸ್ ಅರ್ಧ ಗಂಟೆಯೂ ಬಾರದು, 150 ಎಎಚ್ ಬ್ಯಾಟರಿಯ ಇನ್ವರ್ಟರ್ ಹತ್ತು ಗಂಟೆ ದಾಟಿಸುತ್ತದೆ. ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ತಿಂಗ್ ಬೇಕು. ಉಪ್ಪುಗಾಳಿಗೆ ಕ್ಯಾಮೆರಾಕ್ಕಿಂತ ಮೊದಲು ಸಾಯುವುದು ಕನೆಕ್ಟರು: ತಾಮ್ರ ಹಸಿರುಗಟ್ಟಿ, ಚಿತ್ರ ಬಿಟ್ಟು ಬಿಟ್ಟು ಬರುತ್ತದೆ. ಜೋಡಣೆಯನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಹಾಕಿ, ತಂತಿಯನ್ನು ಕೆಳಗೆ ಬಳುಕಿಸಿ ತಂದರೆ ನೀರು ಪೆಟ್ಟಿಗೆಗೆ ಇಳಿಯುವುದಿಲ್ಲ.

ದೃಶ್ಯ ತೆಗೆದುಕೊಡುವುದನ್ನೂ ಅಲ್ಲೇ ಮಾಡಿಸಿ ನೋಡಬೇಕು. ಪಾಸ್‌ವರ್ಡ್ ಅಳವಡಿಸಿದವನ ಬಳಿ ಮಾತ್ರ ಇದ್ದು, ಅವನು ಹುಬ್ಬಳ್ಳಿಯಲ್ಲಿದ್ದರೆ ಕ್ಯಾಮೆರಾ ಇದ್ದೂ ಇಲ್ಲದಂತೆ. ಕೊಟ್ಟ ದೃಶ್ಯ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕು. ದೃಶ್ಯವನ್ನು ತಿದ್ದಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯ ಬರೆಯುವ ಅದರ ಎರಡು ಭಾಗಗಳಲ್ಲಿ ಒಂದಕ್ಕೆ ಉಪಕರಣದ ಹೊಣೆ ಹೊತ್ತವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಖಾಲಿ ನಮೂನೆ ಒಂದನ್ನು ಮ್ಯಾನೇಜರ್ ಮೇಜಿನಲ್ಲಿ ಇಟ್ಟೇ ಬರುತ್ತೇವೆ.

ಬಾಗಿಲುಗಳಿಗೆ ಟೇಪು ಹಿಡಿಯುತ್ತೇವೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಲೆಕ್ಕದಲ್ಲಿ ಸಮತಲದ ದಾರಿಗೆ ಒಬ್ಬರಿಗೆ 6.5 ಮಿಲಿಮೀಟರ್, ಮೆಟ್ಟಿಲಿಗೆ 10 ಮಿಲಿಮೀಟರ್ ಅಗಲ. 800 ಜನರ ಮಂಟಪಕ್ಕೆ ಒಟ್ಟು 5.2 ಮೀಟರ್ ಬಾಗಿಲು ಬೇಕಾಯಿತು. ಮೊದಲ ಮಹಡಿಯಲ್ಲಿದ್ದರೆ 8 ಮೀಟರ್ ಮೆಟ್ಟಿಲು. ಅಳೆಯುವುದು ಗೋಡೆಯ ಕಂಡಿಯನ್ನಲ್ಲ, ಬೀಗವಿಲ್ಲದೆ ಆ ಹೊತ್ತಿಗೆ ತೆರೆದುಕೊಳ್ಳುವ ಅಗಲವನ್ನು. ಮದುವೆ ದಿನ ಪಕ್ಕದ ಬಾಗಿಲಿಗೆ ಅಡ್ಡಲಾಗಿ ಬಾಡಿಗೆ ಕುರ್ಚಿಗಳ ರಾಶಿ ಇರುತ್ತದೆ. ಆ ಬಾಗಿಲನ್ನು ಸೊನ್ನೆ ಎಂದೇ ಬರೆಯುತ್ತೇವೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 2025ರ ಜೂನ್ 4ರಂದು 11 ಜನ ಸತ್ತದ್ದು ಬಾಂಬಿನಿಂದಲ್ಲ, ನೂಕುನುಗ್ಗಲಿನಿಂದ. ಜಾತ್ರೆಯಲ್ಲಿ ‘ಬಾಂಬ್’ ಎಂಬ ಒಂದು ಸುಳ್ಳು ಕೂಗಿಗೂ ಅಷ್ಟೇ ಶಕ್ತಿಯಿದೆ. ಶಿರಸಿಯಂಥ ಜಾತ್ರೆಯ ಅಂಗಡಿ ಸಾಲುಗಳಲ್ಲಿ ನಾಲ್ಕು ಮೀಟರ್ ಬಿದಿರನ್ನು ಅಡ್ಡ ಹಿಡಿದು ನಡೆಯುವುದು ನಮ್ಮ ಪದ್ಧತಿ. ಬಿದಿರು ತಾಗಿದ ಕಡೆ ಅಗ್ನಿಶಾಮಕ ವಾಹನಕ್ಕೂ ದಾರಿಯಿಲ್ಲ.

ಕೊನೆಗೆ ಮಾತುಕತೆ, ನನ್ನ ಮಟ್ಟಿಗೆ ಇಡೀ ತಪಾಸಣೆಯ ತಿರುಳು. ಮ್ಯಾನೇಜರ್ ಪಕ್ಕದಲ್ಲಿಲ್ಲದಾಗ ಕಾವಲುಗಾರ, ಕಸ ಗುಡಿಸುವವರು, ಚಪ್ಪಲಿ ಕಾಯುವವರನ್ನು ಕೇಳುತ್ತೇವೆ: “ಅಕ್ಕಾ, ಇಲ್ಲೊಂದು ಚೀಲ ಅರ್ಧ ಗಂಟೆಯಿಂದ ಬಿದ್ದಿದೆ ಅಂತಿಟ್ಟುಕೊಳ್ಳಿ, ನೀವೇನು ಮಾಡ್ತೀರಿ?” “ಎತ್ತಿ ಆಫೀಸಿಗೆ ಕೊಡ್ತೆ ಸಾರ್” ಎಂಬುದೇ ಬಹುತೇಕ ಸಿಗುವ ಉತ್ತರ. ಪ್ರಾಮಾಣಿಕರ ಉತ್ತರವೇ ಅಪಾಯದ್ದು. ಮುಟ್ಟಬಾರದು, ಸರಿಸಬಾರದು, ಹತ್ತಿರ ನಿಂತು ಮೊಬೈಲ್ ಅಥವಾ ವಾಕಿಟಾಕಿ ಬಳಸಬಾರದು, ಯಾರದೆಂದು ಒಮ್ಮೆ ಕೇಳಬೇಕು, ಯಾರದೂ ಅಲ್ಲದಿದ್ದರೆ ಜನರನ್ನು ಸರಿಸಿ ದೂರ ಹೋಗಿ 112ಕ್ಕೆ ಹೇಳಬೇಕು. ಚೀಲಕ್ಕೆ ಕನಿಷ್ಠ 100 ಮೀಟರ್, ಕಾರಿಗೆ 200, ಲಾರಿಗೆ 400 ಎಂಬ ಬ್ರಿಟಿಷ್ ಪೊಲೀಸರ ಅಂತರವನ್ನೇ ಕಲಿಸುತ್ತೇವೆ. 100 ಮೀಟರ್ ಎಂದರೆ ನಿಮ್ಮ ಗೇಟಿನಿಂದ ಯಾವ ಮರ, ಯಾವ ಅಂಗಡಿ ಎಂದು ಅಲ್ಲೇ ನಡೆದು ತೋರಿಸಬೇಕು. ಅಂಕಿ ನೆನಪಿರುವುದಿಲ್ಲ, ಮರ ನೆನಪಿರುತ್ತದೆ.

ಹೊರಗೆ ಕಳಿಸುವುದೇ ಯಾವಾಗಲೂ ಸರಿಯಲ್ಲ ಎಂಬುದನ್ನು ತಿಳಿಸಲು ಹೆಚ್ಚು ಹೊತ್ತು ಬೇಕು. ಅಪಾಯ ಗೇಟಿನ ಹೊರಗಿದ್ದರೆ ಗಂಟೆ ಬಾರಿಸಿ ಎಲ್ಲರನ್ನೂ ಅದರತ್ತಲೇ ಓಡಿಸಿದಂತಾಗುತ್ತದೆ. ಆದ್ದರಿಂದ ಬೆಂಕಿಗೆ ಗಂಟೆ, ಉಳಿದದ್ದಕ್ಕೆ ಮೈಕಿನಲ್ಲಿ ಮಾತು ಎಂದು ಬೇರ್ಪಡಿಸಿ, ಮೈಕಿನಲ್ಲಿ ಓದುವ ವಾಕ್ಯವನ್ನು ಕನ್ನಡ, ಕೊಂಕಣಿ, ಹಿಂದಿಯಲ್ಲಿ ದೊಡ್ಡಕ್ಷರದಲ್ಲಿ ಬರೆಸಿ ಅಂಟಿಸುತ್ತೇವೆ. ಯಾವ ದಿಕ್ಕಿಗೆ ಹೋಗಬೇಕೆಂಬುದು ಅದರಲ್ಲಿರಬೇಕು. ‘ಗಾಬರಿಯಾಗಬೇಡಿ’ ಎಂದಷ್ಟೇ ಹೇಳಿದರೆ ಗಾಬರಿ ಹೆಚ್ಚುತ್ತದೆ.

ಹೋಂಸ್ಟೇ, ಲಾಡ್ಜುಗಳಲ್ಲಿ ನೋಡುವುದು ಕಡಿಮೆ: ಗುರುತಿನ ದಾಖಲೆಯ ಪ್ರತಿ, ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಕೊಡಬೇಕಾದ, ಜನ ‘ಸಿ ಫಾರ್ಮ್’ ಎಂದೇ ಕರೆಯುವ ಮಾಹಿತಿ. ಗೋಕರ್ಣದ ಕಡಲತಡಿಯಲ್ಲಿ ಇದೊಂದನ್ನು ಬಿಡುವಂತಿಲ್ಲ.

ವರದಿಯ ಬಗ್ಗೆ ತಂಡಕ್ಕೆ ಹಾಕಿದ ನಿಯಮ ಕಟ್ಟುನಿಟ್ಟು. ಯಾವ ಬಾಗಿಲು ಕಾಯುವವರಿಲ್ಲ, ಯಾವ ಕ್ಯಾಮೆರಾ ಕುರುಡು ಎಂಬ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಅದೇ ಆಯುಧ. ಫೋಟೊ ಕಚೇರಿಯ ಸಾಧನದಲ್ಲಿ ಮಾತ್ರ, ವಾಟ್ಸ್‌ಆ್ಯಪ್ ಗುಂಪಿಗೆ ಏನೂ ಹೋಗಬಾರದು, ಕಡತದ ಮೇಲೆ ಜಾಗದ ಹೆಸರಿನ ಬದಲು ಸಂಖ್ಯೆ. ಮಾಲೀಕರಿಗೆ ಕೊಡುವ ಪ್ರತಿಯಲ್ಲಿ ಪ್ರತಿ ಕೊರತೆಯ ಮುಂದೆ ಸರಿಪಡಿಸುವ ರೀತಿ, ಗಡುವು, ಅಂದಾಜು ಖರ್ಚು ಇರುತ್ತದೆ. ಕುರ್ಚಿ ಸರಿಸುವುದಕ್ಕೆ ಅದೇ ದಿನ, ಪಾಸ್‌ವರ್ಡಿಗೆ ಒಂದು ವಾರ, ಹಾರ್ಡ್ ಡಿಸ್ಕಿಗೆ ಒಂದು ತಿಂಗಳು. ಮರುಭೇಟಿಯನ್ನು ಮೇ ಮತ್ತು ನವೆಂಬರಿಗೆ ಇಟ್ಟುಕೊಂಡಿದ್ದೇವೆ. ಮೇಯಲ್ಲಿ ಕನೆಕ್ಟರ್, ಅರ್ತಿಂಗ್, ಬ್ಯಾಟರಿ ಮಾತ್ರ ನೋಡುತ್ತೇವೆ. ನವೆಂಬರಿನಲ್ಲಿ ಮಳೆ ತಿಂದದ್ದನ್ನು ಬದಲಿಸಿದ್ದಾರೆಯೇ ಎಂದು ನೋಡಿ, ಅಷ್ಟರಲ್ಲಿ ಕೆಲಸಕ್ಕೆ ಸೇರಿದ ಹೊಸ ಕಾವಲುಗಾರರಿಗೆ ಚೀಲದ ಪ್ರಶ್ನೆಯನ್ನು ಮತ್ತೆ ಕೇಳುತ್ತೇವೆ.