ಬಿಸಿಯಾದಾಗ ಮಾತ್ರ ಕೈಕೊಡುವ ಐಡಲ್ ವಾಲ್ವ್: ಪತ್ತೆ ಹಚ್ಚಿ ಬದಲಾಯಿಸಿದ್ದು ಹೀಗೆ

ಎಂಜಿನ್ ತಣ್ಣಗಿರುವಾಗ ಯಾವ ತೊಂದರೆಯೂ ಇಲ್ಲ. ಇಪ್ಪತ್ತು ನಿಮಿಷ ಓಡಿ ಕಾದ ಮೇಲೆ ಕ್ಲಚ್ ಒತ್ತಿ ನಿಧಾನ ಮಾಡಿದರೆ ಆರ್‌ಪಿಎಂ ಮುಳ್ಳು 500ಕ್ಕೆ ಬಿದ್ದು ಎಂಜಿನ್ ಆಫ್. ತಕ್ಷಣ ಕೀ ತಿರುಗಿಸಿದರೆ ಹತ್ತುವುದಿಲ್ಲ. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದರೆ ಹತ್ತುತ್ತದೆ, ಕಾಲು ತೆಗೆದರೆ ಮತ್ತೆ ನಡುಗುತ್ತದೆ. ಎಸಿ ಹಾಕಿದರಂತೂ ನಿಂತೇ ಹೋಗುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಎಲ್ಲ ಸರಿ. ಪೆಟ್ರೋಲ್ ಎಂಜಿನ್, ಕೇಬಲ್ ಎಳೆಯುವ ಥ್ರಾಟಲ್, ನಾಲ್ಕು ವೈರಿನ ಐಡಲ್ ವಾಲ್ವ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಂತಲ್ಲೇ ಓಡುವಾಗ, ಅಂದರೆ ಐಡಲ್ ಇರುವಾಗ, ಅದಕ್ಕೆ ಗಾಳಿ ಬಿಡುವ ವಾಲ್ವ್) ಇರುವ ಗಾಡಿಯಲ್ಲಿ ನಾನು ಎದುರಿಸಿದ ತೊಂದರೆ ಇದು.

ಈ ವಾಲ್ವನ್ನು ಎಲ್ಲರೂ ‘ಐಡಲ್ ಸೆನ್ಸರ್’ ಎನ್ನುತ್ತಾರೆ. ಬಿಡಿಭಾಗದ ಅಂಗಡಿಯಲ್ಲಿ ಆ ಹೆಸರಿನಲ್ಲೇ ಕೇಳಬೇಕು, ಅದೇನೂ ತಪ್ಪಲ್ಲ. ಆದರೆ ಪತ್ತೆ ಹಚ್ಚಲು ಕೂತಾಗ ಆ ಹೆಸರು ದಾರಿ ತಪ್ಪಿಸುತ್ತದೆ. ಸೆನ್ಸರ್ ಎಂದರೆ ಅಳೆದು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ವರದಿ ಕೊಡುವಂಥದ್ದು. ಇದು ವರದಿ ಕೊಡುವುದಿಲ್ಲ, ಹೇಳಿದ ಕೆಲಸ ಮಾಡುತ್ತದೆ. ಕಾಲು ಪೆಡಲಿನ ಮೇಲೆ ಇಲ್ಲದಾಗ ಗಾಳಿ ದಾರಿಗೆ ಅಡ್ಡವಿರುವ ಥ್ರಾಟಲ್ ಬಿಲ್ಲೆ ಮುಚ್ಚಿರುತ್ತದೆ. ಎಂಜಿನ್ನಿಗೆ ಬೇಕಾದ ಗಾಳಿ ಬಿಲ್ಲೆಯನ್ನು ಸುತ್ತಿ ಹೋಗುವ ಪಕ್ಕದ ದಾರಿಯಿಂದ ಬರುತ್ತದೆ. ಆ ದಾರಿಯ ಬಾಯಿಗೆ ಕೂತ ಶಂಕುವಿನಾಕಾರದ ಮೊನೆಯನ್ನು ಒಂದು ಪುಟ್ಟ ಸ್ಟೆಪ್ಪರ್ ಮೋಟರ್ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಮುಂದೆ ಸರಿಸುತ್ತದೆ. ಹಿಂದೆ ಸರಿದರೆ ಗಾಳಿ ಹೆಚ್ಚು, ಆರ್‌ಪಿಎಂ ಹೆಚ್ಚು. ಮುಂದೆ ಬಂದರೆ ಕಡಿಮೆ. ಇಸಿಯು ಎಷ್ಟು ಮೆಟ್ಟಿಲು ಸರಿಯಲು ಹೇಳಿದೆ ಎಂಬುದನ್ನು ಲೆಕ್ಕವಿಡುತ್ತದೆ, ಆದರೆ ಮೊನೆ ನಿಜವಾಗಿ ಸರಿಯಿತೇ ಎಂದು ತಿಳಿಯಲು ಅದಕ್ಕೆ ದಾರಿಯಿಲ್ಲ. ಇಸಿಯುಗೆ ಜೋಡಿಸಿ ಓದುವ ಸ್ಕ್ಯಾನರಿನಲ್ಲಿ ಕಾಣುವ ಸಂಖ್ಯೆ ಇಸಿಯು ಕೊಟ್ಟ ಆಜ್ಞೆ ಅಷ್ಟೇ, ಮೊನೆ ಇರುವ ಜಾಗವಲ್ಲ. ಮುಂದಿನ ಇಡೀ ಪರೀಕ್ಷೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಸ್ಕ್ಯಾನರ್ ಹಾಕಿದಾಗ ಪಿ 0506 ಎಂಬ ದೋಷದ ಕೋಡ್ ಸಿಕ್ಕಿತು, ಅಂದರೆ ಐಡಲ್ ಇರಬೇಕಾದ್ದಕ್ಕಿಂತ ಕಡಿಮೆ. ಹೆಚ್ಚಿದ್ದರೆ ಪಿ 0507 ಬರುತ್ತದೆ, ವ್ಯವಸ್ಥೆಯಲ್ಲೇ ದೋಷ ಎಂದರೆ ಪಿ 0505. ಈ ಕೋಡ್‌ಗಳು ರೋಗದ ಲಕ್ಷಣ ಹೇಳುತ್ತವೆ, ಯಾವ ಭಾಗ ಹೋಗಿದೆ ಎಂದು ಹೇಳುವುದಿಲ್ಲ. ಕೋಡ್ ನೋಡಿದ ಕೂಡಲೇ ವಾಲ್ವ್ ತರಿಸಿ ಹಾಕಿ, ತೊಂದರೆ ಹಾಗೇ ಉಳಿಯುವುದು ಇಲ್ಲಿಂದಲೇ ಶುರು.

ಹಾಗಾಗಿ ಕೋಡ್ ಬಿಟ್ಟು ಲೈವ್ ಡೇಟಾ (ಎಂಜಿನ್ ಓಡುತ್ತಿರುವಾಗಿನ ಅಂಕಿಗಳು) ನೋಡಿದೆ. ಬೇಕಾದ ಐಡಲ್ 800, ಇರುವುದು 540ರಿಂದ 600. ವಾಲ್ವಿನ ಮೆಟ್ಟಿಲ ಸಂಖ್ಯೆ ಏರುತ್ತ 120 ದಾಟಿತು, ಆರ್‌ಪಿಎಂ ಮಾತ್ರ ಅಲ್ಲಾಡಲಿಲ್ಲ. ಇದೇ ತರಹದ ಗಾಡಿ ಚೆನ್ನಾಗಿದ್ದಾಗ, ಎಂಜಿನ್ ಕಾದು ಎಸಿ ಆಫ್ ಇರುವಾಗ, ಈ ಸಂಖ್ಯೆ ಸಾಮಾನ್ಯವಾಗಿ 10ರಿಂದ 40ರ ನಡುವೆ ಇರುತ್ತದೆ. ಇಸಿಯು ಬಾಗಿಲು ತೆರೆ, ಇನ್ನೂ ತೆರೆ ಎಂದು ಕೂಗುತ್ತಿದೆ, ಗಾಳಿ ಬರುತ್ತಿಲ್ಲ. ಇದಕ್ಕೆ ಕಾರಣ ಎರಡೇ: ದಾರಿ ಕಾರ್ಬನ್ನಿನಿಂದ ಕಟ್ಟಿದೆ, ಇಲ್ಲವೇ ಮೊನೆ ಸರಿಯುತ್ತಿಲ್ಲ. ಸಂಖ್ಯೆ 0ಗೆ ಇಳಿದೂ ಐಡಲ್ ಹೆಚ್ಚಾಗಿಯೇ ಇದ್ದರೆ ಮಾತು ಬೇರೆ. ಆಗ ಬೇರೆಲ್ಲಿಂದಲೋ ಗಾಳಿ ನುಗ್ಗುತ್ತಿದೆ ಎಂದರ್ಥ: ಬ್ರೇಕ್ ಬೂಸ್ಟರ್ ಹೋಸ್, ಪಿಸಿವಿ (ಎಂಜಿನ್ ಒಳಗಿನ ಆವಿ ಹೀರುವ) ಹೋಸ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಅಥವಾ ಬಿಗಿಯಾಗಿ ಎಳೆದುಕೊಂಡ ಆಕ್ಸಿಲರೇಟರ್ ಕೇಬಲ್. ಏರ್‌ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ಇಂಧನವನ್ನು ಹೆಚ್ಚು ಕಡಿಮೆ ಮಾಡುವ ಪ್ರಮಾಣ) ಐಡಲ್‌ನಲ್ಲಿ +10%ಕ್ಕಿಂತ ಹೆಚ್ಚಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಗಾಳಿ ಸೋರಿಕೆ ಬಹುಮಟ್ಟಿಗೆ ಖಚಿತ.

ಅದೇ ಪರದೆಯಲ್ಲಿ ಇನ್ನೆರಡು ಅಂಕಿ ನೋಡಿಕೊಳ್ಳಲೇಬೇಕು. ಒಂದು, ಕೂಲೆಂಟ್ (ಎಂಜಿನ್ ತಣಿಸುವ ದ್ರವ) ತಾಪಮಾನ. ಕಾದ ಎಂಜಿನ್ ತಣ್ಣಗಿದೆ ಎಂದು ಸೆನ್ಸರ್ ಸುಳ್ಳು ಹೇಳಿದರೆ ಇಸಿಯು ಐಡಲ್ ಏರಿಸಿಯೇ ಇಡುತ್ತದೆ. ಇನ್ನೊಂದು, ಥ್ರಾಟಲ್ ಪೊಸಿಷನ್ ಸೆನ್ಸರ್. ಕಾಲು ತೆಗೆದರೂ ಥ್ರಾಟಲ್ ಮುಚ್ಚಿದೆ ಎಂದು ಅದು ತೋರಿಸದಿದ್ದರೆ ಇಸಿಯು ಐಡಲ್ ಹಿಡಿತಕ್ಕೆ ಬರುವುದೇ ಇಲ್ಲ. ಇಲ್ಲಿ ತಾಪಮಾನ 90 ಡಿಗ್ರಿ ಸೆಲ್ಸಿಯಸ್, ಥ್ರಾಟಲ್ ಪೂರ್ತಿ ಮುಚ್ಚಿದ ಸ್ಥಿತಿ. ಎರಡೂ ಸರಿ.

ವಾಲ್ವಿನ ಕನೆಕ್ಟರ್ ಕಿತ್ತು ಆರ್‌ಪಿಎಂ ಬದಲಾಗುತ್ತದೆಯೇ ನೋಡಿ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಎರಡು ವೈರಿನ ಸಾಲೆನಾಯ್ಡ್ (ವಿದ್ಯುತ್ಕಾಂತದಿಂದ ತೆರೆಯುವ) ವಾಲ್ವಿಗೆ ಅದು ಒಳ್ಳೆಯ ಪರೀಕ್ಷೆ: ಕರೆಂಟ್ ಹೋದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ, ಆರ್‌ಪಿಎಂ ಬೀಳುತ್ತದೆ, ಬೀಳದಿದ್ದರೆ ವಾಲ್ವ್ ಅಂಟಿಕೊಂಡಿದೆ. ನಾಲ್ಕು ವೈರಿನ ಸ್ಟೆಪ್ಪರ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ. ಕನೆಕ್ಟರ್ ಕಿತ್ತರೆ ಮೊನೆ ಇದ್ದಲ್ಲೇ ನಿಲ್ಲುತ್ತದೆ, ಆರ್‌ಪಿಎಂ ಬದಲಾಗುವುದಿಲ್ಲ. ಚೆನ್ನಾಗಿರುವ ಎಷ್ಟೋ ಸ್ಟೆಪ್ಪರ್ ವಾಲ್ವ್‌ಗಳು ಈ ಪರೀಕ್ಷೆಯಿಂದಲೇ ಕಸದ ಬುಟ್ಟಿ ಸೇರಿವೆ.

ನಾಲ್ಕು ವೈರಿನದರಲ್ಲಿ ಎರಡು ಕಾಯಿಲ್ ಇರುತ್ತವೆ. ನಾನು ನೋಡಿದ ಕನೆಕ್ಟರಿನಲ್ಲಿ ಎ–ಬಿ ಒಂದು ಜೋಡಿ, ಸಿ–ಡಿ ಇನ್ನೊಂದು. ಈ ಮಾದರಿಯಲ್ಲಿ ಪ್ರತಿ ಕಾಯಿಲ್ 40ರಿಂದ 80 ಓಮ್ ತೋರಿಸಬೇಕು, ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಬಿ–ಸಿ ನಡುವೆ, ಎ–ಡಿ ನಡುವೆ ಸಂಪರ್ಕವೇ ಇರಬಾರದು. ಎರಡು ವೈರಿನ ಸಾಲೆನಾಯ್ಡ್ ಆದರೆ ಸುಮಾರು 7ರಿಂದ 13 ಓಮ್. ನಿಖರ ಅಂಕಿ ಗಾಡಿಯಿಂದ ಗಾಡಿಗೆ ಬೇರೆ, ಸರ್ವಿಸ್ ಮ್ಯಾನುಯಲ್ ನೋಡಿಯೇ ತೀರ್ಮಾನಿಸಬೇಕು.

ಬೆಳಿಗ್ಗೆ ತಣ್ಣನೆ ಎಂಜಿನ್ ಮೇಲೆ ಅಳೆದಾಗ 54 ಮತ್ತು 55 ಓಮ್ ಬಂತು. ಅಚ್ಚುಕಟ್ಟಾದ ರೀಡಿಂಗ್. ಅಲ್ಲಿಗೇ ಬಿಟ್ಟಿದ್ದರೆ ವಾಲ್ವ್ ಸರಿಯಿದೆ ಎಂದು ಇಸಿಯು, ವೈರಿಂಗ್ ಎಂದು ಹುಡುಕುತ್ತ ಕೂರಬೇಕಾಗಿತ್ತು. ಆದರೆ ತೊಂದರೆ ಬರುವುದು ಬಿಸಿಯಲ್ಲಿ, ಅಳತೆಯೂ ಬಿಸಿಯಲ್ಲೇ ಆಗಬೇಕು. ಅರ್ಧ ಗಂಟೆ ಓಡಿಸಿ, ಐಡಲ್ ನಡುಗಲು ಶುರುವಾದ ಕೂಡಲೇ ಕೀ ಆಫ್ ಮಾಡಿ, ಒಂದೇ ನಿಮಿಷದೊಳಗೆ ಕನೆಕ್ಟರ್ ಬಿಚ್ಚಿ ಪ್ರೋಬ್ ಇಟ್ಟೆ. ಎ–ಬಿ 63 ಓಮ್. ತಾಮ್ರ ಕಾದರೆ ಪ್ರತಿರೋಧ ಅಷ್ಟು ಏರುವುದು ಸಹಜ. ಸಿ–ಡಿ ಓಪನ್, ಅಂದರೆ ಸಂಪರ್ಕವೇ ಇಲ್ಲ. ಮೀಟರ್ ಹಿಡಿದುಕೊಂಡೇ ಕಾಯುತ್ತ ಕೂತಾಗ ಸುಮಾರು ಹತ್ತು ನಿಮಿಷಕ್ಕೆ ಅಂಕಿ ಒಮ್ಮೆ ಮಿನುಗಿ, ಮತ್ತೆ ಮಾಯವಾಗಿ, ಕೊನೆಗೆ 59ರಲ್ಲಿ ನಿಂತಿತು. ಕಾಯಿಲ್ ಒಳಗೆ ತಂತಿ ಎಲ್ಲೋ ತುಂಡಾಗಿದೆ; ತಣ್ಣಗಿದ್ದಾಗ ತುದಿಗಳು ತಾಗಿರುತ್ತವೆ, ಕಾದಾಗ ಬಿಟ್ಟುಕೊಳ್ಳುತ್ತವೆ. ಒಂದು ಕಾಯಿಲ್ ಸತ್ತರೆ ಸ್ಟೆಪ್ಪರ್ ತಿರುಗುವುದಿಲ್ಲ, ಇದ್ದಲ್ಲೇ ಕಂಪಿಸುತ್ತದೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಕೆಟ್ಟ ಎಂಬ ಲಕ್ಷಣಕ್ಕೆ ಪೂರ್ತಿ ಉತ್ತರ ಅಲ್ಲೇ ಸಿಕ್ಕಿತು.

ಕಾರಣ ಸಿಕ್ಕರೂ ವೈರಿಂಗ್ ನೋಡದೆ ಬಿಡಬಾರದು. ಬ್ಯಾಟರಿ ನೆಗೆಟಿವ್ ತೆಗೆದು, ಇಸಿಯು ಕನೆಕ್ಟರ್ ಬಿಚ್ಚಿ, ನಾಲ್ಕೂ ವೈರುಗಳನ್ನು ಈ ತುದಿಯಿಂದ ಆ ತುದಿಗೆ ಅಳೆಯಬೇಕು: ಪ್ರತಿಯೊಂದೂ 1 ಓಮ್‌ಗಿಂತ ಕಡಿಮೆ ಇರಬೇಕು, ಗಾಡಿಯ ಲೋಹದ ಮೈಗೆ ಯಾವುದೂ ತಾಗಿರಬಾರದು. ಕನೆಕ್ಟರ್ ಒಳಗಿನ ಪಿನ್ ಹಸಿರುಗಟ್ಟಿದೆಯೇ, ಹಿಂದಕ್ಕೆ ಸರಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.

ಹೊಸ ವಾಲ್ವ್ ಬಂದ ಮೇಲೆ ಹಾಕುವ ಮೊದಲೇ ಅದನ್ನೂ ಅಳೆದೆ. ಹೊಸದು ಎಂದರೆ ಸರಿಯಿದೆ ಎಂದಲ್ಲ. ಕಾಯಿಲ್ ಒಳಗೆ ಶಾರ್ಟ್ ಆಗಿ ಓಮ್ ತೀರಾ ಕಡಿಮೆ ಇದ್ದರೆ ಕರೆಂಟ್ ಹೆಚ್ಚು ಹರಿದು ಇಸಿಯು ಒಳಗಿನ ಡ್ರೈವರ್ (ವಾಲ್ವಿಗೆ ಕರೆಂಟ್ ಕೊಡುವ ಸರ್ಕ್ಯೂಟ್) ಸುಟ್ಟುಹೋಗಬಹುದು. ಎರಡು ನಿಮಿಷದ ಅಳತೆ ತಪ್ಪಿಸಿ ಇಸಿಯು ಕಳೆದುಕೊಳ್ಳುವುದು ಬೇಡ. ಹಳೆಯದನ್ನು ಪಕ್ಕದಲ್ಲಿಟ್ಟು ಮೊನೆಯ ದಪ್ಪ, ಇಳಿಜಾರು, ಸ್ಕ್ರೂ ತೂತು, ಕನೆಕ್ಟರಿನ ಕೀ ಎಲ್ಲವನ್ನೂ ಹೋಲಿಸಬೇಕು. ಮೊನೆಯ ಇಳಿಜಾರು ಬೇರೆಯಾದರೆ ವಾಲ್ವ್ ಕೂರುತ್ತದೆ, ಕೆಲಸವೂ ಮಾಡುತ್ತದೆ, ಆದರೆ ಒಂದು ಮೆಟ್ಟಿಲಿಗೆ ಬರುವ ಗಾಳಿ ಇಸಿಯು ಲೆಕ್ಕಕ್ಕೆ ಹೊಂದದೆ ಐಡಲ್ ತೂಗಾಡುತ್ತದೆ.

ಇನ್ನು ಮೊನೆಯ ಉದ್ದ. ಕೂರುವ ಮುಖದಿಂದ ತುದಿಯವರೆಗೆ ಈ ಮಾದರಿಯಲ್ಲಿ 28 ಮಿ.ಮೀ. ಮೀರಬಾರದು. ಮೀರಿದ್ದರೆ ಸ್ಕ್ರೂ ಬಿಗಿ ಮಾಡುವಾಗ ಮೊನೆ ಸೀಟಿಗೆ ಗುದ್ದಿ ಒಳಗಿನ ಮರೆ (ಸ್ಕ್ರೂವಿನ ಥ್ರೆಡ್) ಹಾಳಾಗುತ್ತದೆ. ಹೊಸ ವಾಲ್ವ್ ಆದರೆ ಹೆಬ್ಬೆರಳಿನಿಂದ ನೇರಕ್ಕೆ, ನಿಧಾನಕ್ಕೆ, ಸ್ವಲ್ಪ ಅತ್ತಿತ್ತ ಅಲುಗಿಸುತ್ತ ಒತ್ತಿದರೆ ಒಳ ಸರಿಯುತ್ತದೆ. ನನಗೆ ಬಂದದ್ದು 31 ಇತ್ತು, ಒತ್ತಿ 26ಕ್ಕೆ ತಂದೆ. ಬಳಸಿದ ವಾಲ್ವನ್ನು ಮಾತ್ರ ಹೀಗೆ ಒತ್ತಬೇಡಿ, ಎಳೆಯಲೂಬೇಡಿ. ಸವೆದ ಮರೆ ಕಿತ್ತುಬರುತ್ತದೆ. ವಾಲ್ವ್ ಹೊರಗಿರುವಾಗ ಕನೆಕ್ಟರ್ ಹಾಕಿ ಕೀ ಆನ್ ಮಾಡುವುದೂ ಬೇಡ: ಎದುರಿಗೆ ಸೀಟ್ ಇಲ್ಲದೆ ಮೊನೆ ಪೂರ್ತಿ ಹೊರಬಂದು ಸ್ಪ್ರಿಂಗ್ ಸಮೇತ ಉದುರಬಹುದು.

ಬಿಚ್ಚುವ ಕೆಲಸ ಎಂಜಿನ್ ಪೂರ್ತಿ ಆರಿದ ಮೇಲೆ. ಬ್ಯಾಟರಿ ನೆಗೆಟಿವ್ ತೆಗೆದು, ಏರ್ ಫಿಲ್ಟರಿನಿಂದ ಬರುವ ದಪ್ಪ ಪೈಪ್ ಕಳಚಿದೆ. ವಾಲ್ವ್ ಎರಡು ಸ್ಕ್ರೂ ಮೇಲೆ ನಿಂತಿದೆ, ಕೆಳಗಿನದಕ್ಕೆ ಸ್ಕ್ರೂಡ್ರೈವರ್ ನೇರ ಹೋಗುವುದಿಲ್ಲ. ಓರೆಯಾಗಿ ಹಾಕಿ ತಿರುಗಿಸಿದರೆ ತಲೆ ಸವೆದು ಆಮೇಲೆ ಡ್ರಿಲ್ ಮಾಡುವ ಪಾಡು. ಅದರ ಬದಲು ವಾಲ್ವ್ ಕೂತಿರುವ ಥ್ರಾಟಲ್ ಬಾಡಿಯ ನಾಲ್ಕು ಬೋಲ್ಟ್ ಬಿಚ್ಚಿ ಇಡೀ ಬಾಡಿ ಹೊರತೆಗೆದೆ. ಅದಕ್ಕೆ ಎರಡು ಸಣ್ಣ ಕೂಲೆಂಟ್ ಹೋಸ್ ಬರುತ್ತವೆ. ಅವನ್ನು ಬಾಯಿ ಮೆತ್ತಗಿರುವ ಕ್ಲಾಂಪಿನಿಂದ ಅದುಮಿ ಹಿಡಿದು ಕಳಚಿದರೆ ಹೆಚ್ಚು ಚೆಲ್ಲುವುದಿಲ್ಲ. ಬಾಡಿಯ ಗ್ಯಾಸ್ಕೆಟ್ ಹೊಸದೇ ಹಾಕಬೇಕು, ಮೊದಲೇ ತರಿಸಿಟ್ಟುಕೊಳ್ಳಿ. ಬೆಂಚಿನ ಮೇಲೆ ಸರಿಯಾದ ಅಳತೆಯ ಬಿಟ್ ಇಟ್ಟು, ಮೇಲಿಂದ ಭಾರ ಬಿಟ್ಟು ತಿರುಗಿಸಿದರೆ ಎರಡೂ ಸ್ಕ್ರೂ ತಲೆ ಕೆಡದೆ ಬಂದವು.

ಹಳೆಯ ವಾಲ್ವಿನ ಮೊನೆಯ ಮೇಲೆ ಡಾಂಬರಿನಂತಹ ಕಪ್ಪು ಪದರ, ಅದರ ನಡುವೆ ಸೀಟ್ ತಾಗುವ ಕಡೆ ಉಗುರಿನ ಅಗಲದ ಹೊಳೆಯುವ ಬಳೆ. ಓ ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಚಪ್ಪಟೆಯಾಗಿ ಪ್ಲಾಸ್ಟಿಕ್ಕಿನಷ್ಟು ಗಟ್ಟಿ. ಪಕ್ಕದ ದಾರಿಯ ತೂತು ಅರ್ಧದಷ್ಟು ಕಾರ್ಬನ್ನಿನಿಂದ ಕಿರಿದಾಗಿತ್ತು. ಇದನ್ನು ತೊಳೆಯದೆ ಹೊಸ ವಾಲ್ವ್ ಹಾಕಿದರೆ ಅದು ಮೊದಲ ದಿನದಿಂದಲೇ ಹೆಚ್ಚು ತೆರೆದುಕೊಂಡು ದುಡಿಯಬೇಕು. ಥ್ರಾಟಲ್ ಬಾಡಿ ಕ್ಲೀನರ್ ಸಿಂಪಡಿಸಿ ಹತ್ತು ನಿಮಿಷ ನೆನೆಯಲು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿದೆ; ಮೂರು ಸಲ ಮಾಡಿದ ಮೇಲೆ ಅಲ್ಯೂಮಿನಿಯಂ ಕಂಡಿತು. ತಂತಿ ಬ್ರಷ್, ಮರಳು ಕಾಗದ ಮುಟ್ಟಿಸಬೇಡಿ, ಸೀಟಿನಲ್ಲಿ ಗೀರು ಬಿದ್ದರೆ ಗಾಳಿ ಸದಾ ಸೋರುತ್ತದೆ. ಕ್ಲೀನರ್ ಥ್ರಾಟಲ್ ಪೊಸಿಷನ್ ಸೆನ್ಸರ್ ಒಳಗೆ ಇಳಿಯದಂತೆ ಬಾಡಿಯನ್ನು ಓರೆ ಹಿಡಿಯಿರಿ. ಬಿಲ್ಲೆ ತಡೆದು ನಿಲ್ಲಿಸುವ ಪುಟ್ಟ ಸ್ಕ್ರೂ ಕಾರ್ಖಾನೆಯಲ್ಲೇ ಹೊಂದಿಸಿದ್ದು, ಐಡಲ್ ಏರಿಸಲು ಅದನ್ನು ತಿರುಗಿಸಿದರೆ ಥ್ರಾಟಲ್ ಪೊಸಿಷನ್ ಲೆಕ್ಕವೂ ಕೆಡುತ್ತದೆ.

ಕಾಯಿಲ್ ಚೆನ್ನಾಗಿದ್ದು ಕಾರ್ಬನ್ ಮಾತ್ರ ಇದ್ದಿದ್ದರೆ ಹಳೆಯ ವಾಲ್ವನ್ನೇ ತೊಳೆದು ಹಾಕಬಹುದಿತ್ತು. ಮೊನೆ ಕೆಳಮುಖ ಇಟ್ಟು ತುದಿಗೆ ಮಾತ್ರ ಸಿಂಪಡಿಸಬೇಕು. ಇಡೀ ವಾಲ್ವನ್ನು ಕ್ಲೀನರಿನಲ್ಲಿ ಮುಳುಗಿಸಿದರೆ ದ್ರವ ಮೋಟರಿನೊಳಗೆ ಹೋಗಿ ಗ್ರೀಸ್ ತೊಳೆದುಹೋಗುತ್ತದೆ.

ಹೊಸ ಓ ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ವಾಲ್ವ್ ಕೈಯಲ್ಲೇ ಪೂರ್ತಿ ಕೂರಿಸಿ, ಆಮೇಲೆ ಸ್ಕ್ರೂ. ಬಿಗಿ 3 ನ್ಯೂಟನ್ ಮೀಟರ್, ಅಂದರೆ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಮಣಿಕಟ್ಟಿನ ಬಲದಷ್ಟೇ. ಅಲ್ಯೂಮಿನಿಯಂ ಮರೆ ಅದಕ್ಕಿಂತ ಹೆಚ್ಚು ತಾಳುವುದಿಲ್ಲ. ಸಿಲಿಕೋನ್ ಅಂಟು ಹಚ್ಚಲೇಬಾರದು, ಹಿಂಡಿಬಂದ ಚೂರು ನೇರ ಗಾಳಿ ದಾರಿಗೆ ಬೀಳುತ್ತದೆ. ಹೋಸ್‌ಗಳನ್ನು ಸೇರಿಸಿ, ಚೆಲ್ಲಿದಷ್ಟು ಕೂಲೆಂಟ್ ತುಂಬಿಸಿ, ಗಾಳಿ ಗುಳ್ಳೆ ತೆಗೆಯಿರಿ.

ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಮೊನೆ ಎಲ್ಲಿದೆ ಎಂದು ಇಸಿಯುಗೆ ಗೊತ್ತಿರುವುದಿಲ್ಲ. ಕೀ ಆನ್ ಮಾಡಿ ಐದು ಸೆಕೆಂಡ್, ಆಫ್ ಮಾಡಿ ಹತ್ತು ಸೆಕೆಂಡ್ ಬಿಟ್ಟೆ. ಈ ಹೊತ್ತಿನಲ್ಲಿ ವಾಲ್ವಿನಿಂದ ಟರ್ ಎಂಬ ಸಣ್ಣ ಸದ್ದು ಕೇಳಿತು, ಮೊನೆ ಸೀಟಿಗೆ ತಾಗಿ ಲೆಕ್ಕ ಸೊನ್ನೆಯಿಂದ ಶುರುವಾಗುವ ಸದ್ದು ಅದು. ಆಮೇಲೆ ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್. ಒಂದು ನಿಮಿಷ 1500ರಲ್ಲಿ ಓಡಿ ತಾನಾಗಿ ಇಳಿಯಿತು. ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗುವವರೆಗೆ ಹಾಗೇ ಬಿಟ್ಟು, ನಂತರ ಹೆಡ್‌ಲೈಟ್, ಎಸಿ ಒಂದೊಂದಾಗಿ ಹಾಕಿ ನೋಡಿದೆ. ಈ ಕಲಿಕೆಯ ಕ್ರಮ ಗಾಡಿಗೊಂದು ತರಹ. ಕೆಲವಕ್ಕೆ ಸ್ಕ್ಯಾನರಿನಿಂದಲೇ ಮಾಡಬೇಕು, ಕೆಲವು ಒಂದಷ್ಟು ವೇಗದಲ್ಲಿ ಓಡಿದ ಮೇಲೆ ತಾವೇ ಸರಿಪಡಿಸಿಕೊಳ್ಳುತ್ತವೆ. ಮೊದಲ ದಿನ ಐಡಲ್ ಸ್ವಲ್ಪ ಏರಿಳಿದರೆ ಗಾಬರಿಯಾಗಿ ಮತ್ತೆ ಬಿಚ್ಚಬೇಡಿ.

ಕೋಡ್ ಅಳಿಸಿ ಒಂದು ಗಂಟೆ ಓಡಿಸಿ, ಪೂರ್ತಿ ಕಾದ ಎಂಜಿನ್ ಮೇಲೆ ಮತ್ತೆ ಲೈವ್ ಡೇಟಾ: ಐಡಲ್ 780ರಿಂದ 820, ಮೆಟ್ಟಿಲು 24ರಿಂದ 28. ಎಸಿ ಹಾಕಿದಾಗ ಮೆಟ್ಟಿಲು 45ಕ್ಕೆ ಏರಿತು, ಆರ್‌ಪಿಎಂ ಅದರ ಹಿಂದೆಯೇ 900ಕ್ಕೆ ಬಂತು.