ಹೆಬ್ಬಾತಿನ ಕೊರಳಪಟ್ಟಿ ಓದುವ ಬಗೆ

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೋ ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಗೋ ಹೋದವರಿಗೆ ಪಟ್ಟೆತಲೆ ಹೆಬ್ಬಾತುಗಳ ಪರಿಚಯ ಇದ್ದೇ ಇರುತ್ತದೆ. ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಈ ಹಕ್ಕಿಗಳು ಮಂಗೋಲಿಯಾದಲ್ಲಿ, ಟಿಬೆಟ್ ಪ್ರಸ್ಥಭೂಮಿಯಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ನಮ್ಮಲ್ಲಿಗೆ ಬರುತ್ತವೆ. ದೊಡ್ಡ ಹಿಂಡಿನಲ್ಲಿ ಎಲ್ಲೋ ಒಂದರ ಕೊರಳಿಗೆ ಅಕ್ಷರ, ಅಂಕಿಗಳಿರುವ ಪ್ಲಾಸ್ಟಿಕ್ ಪಟ್ಟಿ ಇರುವುದುಂಟು. ಅದನ್ನು ತೊಡಿಸಿದವರಿಗೆ ಆ ಹಕ್ಕಿ ಎಲ್ಲಿಗೆ ಹೋಯಿತೆಂದು ಗೊತ್ತಾಗುವುದು ಯಾರಾದರೂ ಓದಿ ತಿಳಿಸಿದಾಗ ಮಾತ್ರ.

ಓದುವುದು ಹೇಳಿದಷ್ಟು ಸುಲಭವಲ್ಲ. ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇದು, ಬೆಳಗಾದ ಮೇಲೆ ಕೆರೆಗೆ ಮರಳಿ ವಿಶ್ರಮಿಸುತ್ತವೆ. ಆದ್ದರಿಂದ ಬೆಳಗಿನ ಹೊತ್ತಿನಲ್ಲಿ, ಸೂರ್ಯ ನಿಮ್ಮ ಬೆನ್ನಿಗಿರುವ ಕಡೆ ನಿಂತು ನೋಡಬೇಕು. ಬೈನಾಕ್ಯುಲರಿನಲ್ಲಿ ಪಟ್ಟಿ ಕಂಡರೂ ದೂರದಿಂದ ಅಕ್ಷರ ಕಾಣದು. ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಸ್ಪಾಟಿಂಗ್ ಸ್ಕೋಪ್ ಎಂಬ ದೂರದರ್ಶಕ ಬೇಕು. ಹಕ್ಕಿ ಕತ್ತನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ ಮಲಗಿದ್ದರೆ ಕಾಯುವುದಲ್ಲದೆ ಬೇರೆ ದಾರಿಯಿಲ್ಲ. ಎದ್ದು ಕತ್ತು ನೀಳವಾಗಿ ಚಾಚಿದ ಕೆಲವೇ ಕ್ಷಣಗಳಲ್ಲಿ ಓದಿಕೊಂಡು, ಅದು ಮಗ್ಗುಲು ಬದಲಿಸಿದ ಮೇಲೆ ಇನ್ನೊಮ್ಮೆ ಓದಿ ತಾಳೆ ನೋಡಬೇಕು. ಇಂಗ್ಲಿಷಿನ ಬಿ ಮತ್ತು 8, ಐ ಮತ್ತು 1 ಮೋಸ ಮಾಡುವ ಜೋಡಿಗಳು. ಅನುಮಾನವಿದ್ದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಊಹಿಸಿ ತುಂಬಿದ ಒಂದು ಅಕ್ಷರ ಬೇರೆಯೇ ಹಕ್ಕಿಯ ಚರಿತ್ರೆಯನ್ನು ಕೆಡಿಸುತ್ತದೆ. ಸ್ಕೋಪಿನ ಕಣ್ಣಿಗೆ ಮೊಬೈಲು ಹಿಡಿದು ತೆಗೆದ ಮಸುಕು ಚಿತ್ರವೂ ಸಾಕ್ಷಿಯೇ. ಇನ್ನಷ್ಟು ಸ್ಪಷ್ಟ ಚಿತ್ರದ ಆಸೆಗೆ ಹತ್ತಿರ ಹೋಗಿ ಹಿಂಡನ್ನು ಎಬ್ಬಿಸುವುದು ಮಾತ್ರ ತಪ್ಪು.

ಪಟ್ಟಿಯ ಬಣ್ಣ, ಅಕ್ಷರಗಳ ಬಣ್ಣ, ಸಂಕೇತ, ದಿನಾಂಕ, ವೇಳೆ, ಕೆರೆಯ ಹೆಸರು ಹಾಗೂ ಅಕ್ಷಾಂಶ ರೇಖಾಂಶಗಳನ್ನು ಬರೆದು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಬಹುದು.

ಇನ್ನು ಆ ತುದಿಯ, ಅಂದರೆ ಪಟ್ಟಿ ತೊಡಿಸುವ ಕಡೆಯ ಕೆಲಸ. ಬೇಸಿಗೆಯಲ್ಲಿ ಹೆಬ್ಬಾತುಗಳು ಹಾರುಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿಕೊಂಡು ಕೆಲವು ವಾರ ಹಾರಲಾರದೆ ಇರುತ್ತವೆ. ಮಂಗೋಲಿಯಾದ ಸರೋವರಗಳಲ್ಲಿ ಆಗಲೇ ಅವುಗಳನ್ನು ಬಲೆಯ ಆವರಣದೊಳಕ್ಕೆ ಅಟ್ಟಿ ಹಿಡಿಯುತ್ತಾರೆ. 1899ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್ ಅವರು ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿದ್ದರ ಹಿಂದಿದ್ದ ತತ್ತ್ವವೇ ಇಲ್ಲಿಯೂ ಇದೆ. ಆದರೆ ಕಾಲುಂಗುರವನ್ನು ಓದಲು ಸಾಮಾನ್ಯವಾಗಿ ಹಕ್ಕಿಯನ್ನು ಮತ್ತೆ ಹಿಡಿಯಬೇಕು, ಕೊರಳಪಟ್ಟಿಗೆ ಆ ತೊಂದರೆಯಿಲ್ಲ. ಎರಡರಿಂದಲೂ ಸಿಗುವುದು ಹೊರಟ ಊರು ಮತ್ತು ಕಂಡ ಊರು ಅಷ್ಟೆ. ನಕ್ಷೆಯಲ್ಲಿ ಅವೆರಡರ ನಡುವೆ ಎಳೆದ ನೇರ ಗೆರೆಯನ್ನು ಹಕ್ಕಿ ಹಾರಿದ ದಾರಿಯೆಂದು ತಿಳಿಯಬಾರದು.

ದಾರಿಯೇ ಬೇಕೆಂದರೆ ಹಕ್ಕಿ ಇರುವ ಜಾಗದ ಸಂಕೇತ ಕಳುಹಿಸುವ ಟ್ರಾನ್ಸ್‌ಮಿಟರ್ ಕಟ್ಟಬೇಕು. ಅದರ ತೂಕ ಹಕ್ಕಿಯ ತೂಕದ ಶೇಕಡಾ 3ರಿಂದ 5ನ್ನು ಮೀರಬಾರದೆಂಬುದು ರೂಢಿಯ ನಿಯಮ. 2 ಕಿಲೋ ತೂಗುವ ಹೆಬ್ಬಾತಿಗೆ ಶೇಕಡಾ 3ರ ಲೆಕ್ಕದಲ್ಲಿ 60 ಗ್ರಾಂ. ನಾಗಾಲ್ಯಾಂಡಿನಲ್ಲಿ 2013ರಲ್ಲಿ ಪುಟ್ಟ ಬೇಟೆ ಹಕ್ಕಿಗಳಾದ ಅಮುರ್ ಫಾಲ್ಕನ್‌ಗಳಿಗೆ ಕಟ್ಟಿದ್ದು 5 ಗ್ರಾಮಿನ ಸೌರ ಉಪಕರಣ. ಸ್ಥಾನವನ್ನು ಎಷ್ಟು ಗಂಟೆಗೊಮ್ಮೆ ದಾಖಲಿಸಬೇಕೆಂಬುದನ್ನು ಮೊದಲೇ ಯೋಚಿಸಿ ನಿಗದಿ ಮಾಡಬೇಕಾಗುತ್ತದೆ, ಏಕೆಂದರೆ ಮೇಲಿಂದ ಮೇಲೆ ದಾಖಲಿಸಿದರೆ ಬ್ಯಾಟರಿ ಬತ್ತುತ್ತದೆ, ತೀರ ಅಪರೂಪವಾದರೆ ಹಕ್ಕಿ ಕಣಿವೆಯನ್ನು ಹಿಡಿದು ಹೋಯಿತೋ ಶಿಖರದ ಮೇಲೆ ಹಾರಿತೋ ಎಂಬುದೇ ಕೈತಪ್ಪುತ್ತದೆ. ಸಂಕೇತ ನಿಂತ ಮಾತ್ರಕ್ಕೆ ಹಕ್ಕಿ ಸತ್ತಿತೆನ್ನುವಂತಿಲ್ಲ. ಉಪಕರಣ ಕಟ್ಟಿದ ಪಟ್ಟಿ ಕಳಚಿರಬಹುದು, ಉಪಕರಣ ಕೆಟ್ಟಿರಬಹುದು.

ಹೀಗೆ ಕಟ್ಟಿದ ಉಪಕರಣಗಳಿಂದಲೇ ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಯಿತು. ಹೃದಯದ ಬಡಿತವನ್ನೂ ಅಳೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವು ಒಂದೇ ಎತ್ತರದಲ್ಲಿ ಹಾರದೆ ನೆಲದ ಏರಿಳಿತವನ್ನೇ ಅನುಸರಿಸಿ ಇಳಿದು ಏರುತ್ತವೆಂದು ತೋರಿಸಿತು. ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಶ್ರಮಕ್ಕಿಂತ ಕಳೆದುಕೊಂಡ ಎತ್ತರವನ್ನು ಮತ್ತೆ ಏರುವುದೇ ಅಗ್ಗ.

ಹಿಡಿಯುವುದು, ಉಪಕರಣ ಕಟ್ಟುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಪಡೆದವರ ಕೆಲಸ. ಕೆರೆಯ ದಂಡೆಯಲ್ಲಿ ನಿಂತವರು ಮರೆಯುವ ಕೆಲಸ ಇನ್ನೊಂದಿದೆ: ಪಟ್ಟಿ ಸಿಗಲಿ, ಸಿಗದಿರಲಿ, ಎಷ್ಟು ಕೊರಳುಗಳನ್ನು ಸ್ಪಷ್ಟವಾಗಿ ನೋಡಿದಿರೆಂದು ಬರೆದಿಡಿ. ಐನೂರು ಕೊರಳು ನೋಡಿ ಒಂದು ಪಟ್ಟಿ ಕಂಡದ್ದಕ್ಕೂ ಐವತ್ತರಲ್ಲಿ ಒಂದು ಕಂಡದ್ದಕ್ಕೂ ಲೆಕ್ಕದಲ್ಲಿ ಹತ್ತು ಪಟ್ಟು ವ್ಯತ್ಯಾಸವಿದೆ.